ಮೊದಲ ರೈಫಲ್, ಬಜೆಟ್ 25 ಸಾವಿರ. ಯಾವುದು ತಗೊಳ್ಳಲಿ?

ಕಣದ ಮೂಲೆ
ಎಲ್ಲರಿಗೂ ನಮಸ್ಕಾರ. ನಮ್ಮದು ಆಲೂರು ಹತ್ತಿರ ಸಣ್ಣ ಕಾಫಿ ತೋಟ. ಮಗಳಿಗೆ 13 ವರ್ಷ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದನ್ನು ಮೊಬೈಲಲ್ಲಿ ನೋಡಿದಳು. ಅಂದಿನಿಂದ ರೈಫಲ್ ಬೇಕು ಅಂತ ಹಿಂದೆ ಬಿದ್ದಿದ್ದಾಳೆ. ನನಗೂ ಆಸೆ ಇಲ್ಲ ಅಂತಲ್ಲ. ಜಾತ್ರೆಯಲ್ಲಿ ಬಲೂನ್ ಹೊಡೆದೇ ದೊಡ್ಡವನಾದವನು ನಾನು.

ಕಾಫಿ ದುಡ್ಡಲ್ಲಿ 25 ಸಾವಿರ ಎತ್ತಿಟ್ಟಿದ್ದೇನೆ. ಅದಕ್ಕಿಂತ ಜಾಸ್ತಿ ಅಂದರೆ ಮನೆಯಾಕೆ ಒಪ್ಪುವುದಿಲ್ಲ. ಒಂದು ಅಂಗಡಿಯಲ್ಲಿ ವಿಚಾರಿಸಿದೆ. "ಸಾವಿರ ಅಡಿ ಸ್ಪೀಡ್ ಸರ್, ಮೇಲೆ ಸ್ಕೋಪ್ ಫ್ರೀ" ಅಂತ ಒಂದು ದೊಡ್ಡ ಏರ್ ರೈಫಲ್ ತೋರಿಸಿದರು. ನೋಡೋಕೆ ಮಿಲಿಟರಿಯದ್ದೇ ಥರ. ತಗೊಂಡುಬಿಡಲಾ? ಲೈಸೆನ್ಸ್ ಬೇಕಾ? ಅಟ್ಟದ ಮೇಲೆ ಅಪ್ಪನ ಕಾಲದ ಒಂದು ಏರ್‌ಗನ್ ಬೇರೆ ಇದೆ, ಅದನ್ನೇ ರಿಪೇರಿ ಮಾಡಿಸಿದರೆ ಆಗುತ್ತದಾ?

ಬೇಲೂರು ಬಸ್‌ಸ್ಟ್ಯಾಂಡ್
ಫ್ರೀ ಸ್ಕೋಪ್ ಅಂದರೆ ಸೀರೆ ಜೊತೆ ಕೊಡೋ ಬ್ಲೌಸ್ ಪೀಸ್ ಇದ್ದ ಹಾಗೆ ಅಣ್ಣ. ಅಳತೆಗೆ ಬರುವುದಿಲ್ಲ.

ಕೋರ್ಟ್ ರಸ್ತೆ
ಮೊದಲು ಲೈಸೆನ್ಸ್ ವಿಷಯ ಮುಗಿಸಿಬಿಡೋಣ. ಇಲ್ಲಿ ಪ್ರತಿ ಸಲ ಅದೇ ಗೊಂದಲ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್ ರೈಫಲ್‌ಗೆ ಎರಡು ಮಿತಿ. ನಳಿಗೆಯ ಅಳತೆ 4.5 ಮಿಲಿಮೀಟರ್, ಅಂದರೆ .177 ಇಂಚು, ಅದಕ್ಕಿಂತ ಹೆಚ್ಚಿರಬಾರದು. ಶಕ್ತಿ 20 ಜೂಲ್ ದಾಟಬಾರದು. ಎರಡೂ ಮಿತಿಯೊಳಗಿದ್ದರೆ ಲೈಸೆನ್ಸ್ ಬೇಡ. .22 ಏರ್ ರೈಫಲ್ ತಗೊಂಡಿರೋ, ಲೈಸೆನ್ಸ್ ಬೇಕು. "ಗಾಳಿ ಕೋವಿ ತಾನೇ, ಏನಾಗುತ್ತೆ" ಅನ್ನುವವರು ಇಲ್ಲೇ ಎಡವುವುದು.

ಅಂಗಡಿಯಲ್ಲಿ ಗುರುತಿನ ಚೀಟಿ, ವಿಳಾಸದ ಪ್ರತಿ ಕೇಳುತ್ತಾರೆ, ಕೊಡಿ. ಬಿಲ್ ನಿಮ್ಮ ಹೆಸರಲ್ಲೇ ಇರಲಿ, ಮಗಳ ಹೆಸರಲ್ಲಿ ಬೇಡ. ಬಿಲ್‌ನಲ್ಲಿ ಮಾಡೆಲ್, ಅಳತೆ, ಸೀರಿಯಲ್ ನಂಬರ್ ಬರೆಸಿ. ಅದರ ಒಂದು ಜೆರಾಕ್ಸ್ ರೈಫಲ್ ಬ್ಯಾಗಲ್ಲೇ ಇರಲಿ. ದಾರಿಯಲ್ಲಿ ಪೊಲೀಸರು ನಿಲ್ಲಿಸಿದರೆ ವಾದ ಮಾಡೋದಕ್ಕಿಂತ ಕಾಗದ ತೋರಿಸೋದು ಸುಲಭ.

ಗಡಿ ತೋಟ
ನಮ್ಮ ಕಡೆ, ಶನಿವಾರಸಂತೆ ಪಕ್ಕ, ಲೈಸೆನ್ಸೇ ಬೇಡ ಅಂತಾರಲ್ಲ? ಕೊಡಗಿನವರಿಗೆ ಇಲ್ಲವಂತೆ. ನಮ್ಮ ತೋಟದಿಂದ ಕೊಡಗಿನ ಗಡಿಗೆ ಎರಡು ಕಿಲೋಮೀಟರ್ ಅಷ್ಟೇ.

ಕೋರ್ಟ್ ರಸ್ತೆ
ಸ್ವಾಮಿ, ವಿನಾಯಿತಿ ಇರುವುದು ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ, ಅಂದರೆ ಅಲ್ಲಿ ವಂಶಪಾರಂಪರ್ಯವಾಗಿ ಜಮೀನು ಹೊಂದಿದವರಿಗೆ. ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಹೈಕೋರ್ಟ್ ಕೂಡ 2021ರಲ್ಲಿ ಎತ್ತಿ ಹಿಡಿಯಿತು. ಗಡಿಯಿಂದ ಎರಡು ಕಿಲೋಮೀಟರ್ ಈಚೆ ಇರುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಸಕಲೇಶಪುರದವರು ತೋಟಾ ಕೋವಿಗೆ, ಅಂದರೆ ಕಾರ್ಟ್ರಿಜ್ ಬಂದೂಕಿಗೆ, ಲೈಸೆನ್ಸ್ ಕೇಳಿಕೊಂಡು ಡಿಸಿ ಆಫೀಸಿಗೇ ಹೋಗಬೇಕು. ಎಲೆಕ್ಷನ್ ಬಂದಾಗ ಆದೇಶ ಬಂದರೆ ಠಾಣೆಗೆ ಒಪ್ಪಿಸಿ ರಸೀದಿ ಇಟ್ಟುಕೊಳ್ಳಬೇಕು.

ಮೂಡಿಗೆರೆ ಮಳೆ
ಆ ರಸೀದಿ ವಿಷಯ ಎತ್ತಬೇಡಿ. ಒಂದು ಸಲ ಠಾಣೆಯಿಂದ ವಾಪಸ್ ತಂದಾಗ ನಮ್ಮ ಒಂಟಿ ನಳಿಗೆ ಒಳಗೆ ಜೇಡ ಸಂಸಾರ ಹೂಡಿತ್ತು. ಅಷ್ಟು ದಿನ ಯಾರೂ ಮುಟ್ಟಿಲ್ಲ ಅಂತ ಸಂತೋಷ ಪಡಬೇಕಷ್ಟೆ.

ಹತ್ತೂವರೆ
ಕಣದ ಮೂಲೆಯವರೇ, ನಾನು ಐದು ವರ್ಷ 10 ಮೀಟರ್ ಏರ್ ರೈಫಲ್ ಹೊಡೆದವಳು. ಚಿಕ್ಕಮಗಳೂರಿನವಳು. ದೊಡ್ಡ ಮೆಡಲ್ ಏನೂ ಇಲ್ಲ. ಆದರೆ ಎಲ್ಲಿ ದುಡ್ಡು ಹಾಳಾಗುತ್ತದೆ ಅನ್ನೋದು ಚೆನ್ನಾಗಿ ಗೊತ್ತು, ಹಾಳು ಮಾಡಿದವಳು ನಾನೇ.

ಮೊದಲು ಆ ಸಾವಿರ ಅಡಿ ಮರೆತುಬಿಡಿ. ಅದು ತೀರಾ ಹಗುರದ ಗುಂಡು ಹಾಕಿ ಅಳೆದ ಲೆಕ್ಕ. ಸಾಧಾರಣ 0.53 ಗ್ರಾಂ ಗುಂಡು ಸೆಕೆಂಡಿಗೆ 275 ಮೀಟರ್ ಹೋದರೆ ಸುಮಾರು 20 ಜೂಲ್. ಅದು ಅಡಿಯಲ್ಲಿ 900. ಅದೇ ಗುಂಡು ನಿಜವಾಗಲೂ ಸಾವಿರ ಅಡಿ ಹೋದರೆ ಕೋರ್ಟ್ ರಸ್ತೆಯವರು ಹೇಳಿದ ಮಿತಿ ದಾಟಿತು ಅಂತ ಅರ್ಥ. ಒಲಿಂಪಿಕ್ಸ್‌ನಲ್ಲಿ ಹೊಡೆಯುವ ಲಕ್ಷಾಂತರ ರೂಪಾಯಿಯ ರೈಫಲ್‌ನ ವೇಗ ಎಷ್ಟು ಗೊತ್ತಾ? 175 ಮೀಟರ್ ಆಸುಪಾಸು. ಸುಮಾರು 8 ಜೂಲ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇಂಥ ವೇಗದಲ್ಲೇ. ಕೊನೆಯ ಗುಂಡಿಗೆ 10.8 ಅಂಕ.

10 ಮೀಟರ್ ಗುರಿಹಾಳೆಯಲ್ಲಿ ಹತ್ತರ ಸುತ್ತು ಅಂದರೆ ಅರ್ಧ ಮಿಲಿಮೀಟರ್ ಚುಕ್ಕೆ. ಗುಂಡಿನ ದಪ್ಪವೇ 4.5 ಮಿಲಿಮೀಟರ್. ಚುಕ್ಕೆಗಿಂತ ಗುಂಡು ಒಂಬತ್ತು ಪಟ್ಟು ದೊಡ್ಡದು. ಅಲ್ಲಿ ಶಕ್ತಿ ಕಟ್ಟಿಕೊಂಡು ಏನು ಮಾಡುತ್ತೀರಿ? ಸ್ಪ್ರಿಂಗ್ ಬಲ ಜಾಸ್ತಿ ಆದಷ್ಟೂ ಒದೆತ ಜಾಸ್ತಿ, ಎಳೆಯೋಕೆ ಕಷ್ಟ ಜಾಸ್ತಿ. 13ರ ಹುಡುಗಿ ಹತ್ತು ಸಲ ನಳಿಗೆ ಮುರಿದು, ಅಂದರೆ ಕೀಲಲ್ಲಿ ಕೆಳಗೆ ಬಗ್ಗಿಸಿ, ಎಳೆಯುವಷ್ಟರಲ್ಲಿ ತೋಳು ನಡುಗುತ್ತದೆ. ನಡುಗುವ ತೋಳಲ್ಲಿ ಹನ್ನೊಂದನೆಯದು ಎಲ್ಲಿ ಬೀಳುತ್ತದೆ ಹೇಳಿ.

ಕಣದ ಮೂಲೆ
ಅಯ್ಯೋ, ಮೇಡಂ. ಅಂಗಡಿಯಲ್ಲಿ ನಾನೇ ಒಂದು ಸಲ ಎಳೆದು ನೋಡಿದ್ದೆ. ಮೊಣಕಾಲಿಗೆ ಊರಿಕೊಳ್ಳಬೇಕಾಯಿತು. ಮಗಳಿಂದ ಆಗಲೇ ಇಲ್ಲ. "ದೊಡ್ಡವಳಾದ ಮೇಲೆ ಸರಿ ಹೋಗುತ್ತೆ" ಅಂದರು ಅಂಗಡಿಯವರು.

ಹತ್ತೂವರೆ
ದೊಡ್ಡವಳಾದ ಮೇಲೆ ಹಾಕಿಕೊಳ್ಳಲಿ ಅಂತ ಚಪ್ಪಲಿ ತರುತ್ತೀರಾ?

ಹಳೇ ಎನ್‌ಸಿಸಿ
ಹಾಸನದಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿ .22 ಹೊಡೆದಿದ್ದೆ. ಮಲಗಿ ಹೊಡೆಯೋದು, ಐದು ಗುಂಡು. ಐದಕ್ಕೆ ಐದೂ ಹಾಳೆಗೆ ಬಿದ್ದು ನಾನೇ ದೊಡ್ಡ ಗುರಿಕಾರ ಅಂದುಕೊಂಡೆ. ಆಮೇಲೆ ಸಾಲ ಮಾಡಿ ಸ್ಪ್ರಿಂಗ್ ಏರ್ ರೈಫಲ್ ತಗೊಂಡೆ. ಹತ್ತು ಮೀಟರ್‌ನಲ್ಲಿ ತಟ್ಟೆ ಗಾತ್ರಕ್ಕೆ ಚೆದುರಿತು! ರೈಫಲ್ಲೇ ಸರಿಯಿಲ್ಲ ಅಂತ ಬೈದು ಅರ್ಧ ರೇಟಿಗೆ ಮಾರಿದೆ. ಕೊಂಡವನು ಅದರಲ್ಲೇ ನಾಣ್ಯದಷ್ಟು ಜಾಗಕ್ಕೆ ಐದು ಹೊಡೆದು ತೋರಿಸಿದ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ವಿಷಯ ಏನಪ್ಪಾ ಅಂದರೆ, ಸ್ಪ್ರಿಂಗ್ ಗನ್ ಎರಡು ಸಲ ಒದೆಯುತ್ತದೆ. ಒಳಗೆ ಪಿಸ್ಟನ್ ಮುಂದೆ ನುಗ್ಗಿದಾಗ ಗನ್ ಹಿಂದೆ ಬರುತ್ತದೆ. ಪಿಸ್ಟನ್ ಹೋಗಿ ತುದಿಗೆ ಬಡಿದಾಗ ಗನ್ ಮುಂದೆ ಹಾರುತ್ತದೆ. ಗುಂಡು ನಳಿಗೆ ಬಿಡುವ ಮೊದಲೇ ಈ ಕುಣಿತ ಶುರು. ಎನ್‌ಸಿಸಿಯಲ್ಲಿ ಕಲಿಸಿದ ಹಾಗೆ ಭುಜಕ್ಕೆ ಒತ್ತಿ ಬಿಗಿ ಹಿಡಿದರೆ ಪ್ರತಿ ಗುಂಡೂ ಒಂದೊಂದು ಕಡೆ. ಅಂಗೈ ಮೇಲೆ ಕೋಳಿಮರಿ ಕೂರಿಸಿಕೊಂಡ ಹಾಗೆ ಸಡಿಲ ಹಿಡಿಯಬೇಕು. ಗನ್ ತನಗೆ ಬೇಕಾದ ಹಾಗೆ ಕುಣಿಯಲಿ, ಪ್ರತಿ ಸಲ ಒಂದೇ ಥರ ಕುಣಿದರೆ ಸಾಕು. ಗೋಡೆ, ಕಲ್ಲು, ಮೇಜಿನ ಅಂಚಿನ ಮೇಲೆ ಊರಿ ಹೊಡೆಯಬೇಡಿ. ಗುರಿ ಮೇಲಕ್ಕೆ ಹೋಗುತ್ತದೆ.

ಫ್ರೀ ಸ್ಕೋಪ್ ಬಗ್ಗೆಯೂ ಒಂದು ಮಾತು. ಈ ಎರಡು ಕಡೆಯ ಒದೆತಕ್ಕೆ ಅಗ್ಗದ ಸ್ಕೋಪ್ ಒಳಗಿನ ತಂತಿಯೇ ಕಿತ್ತು ಬರುತ್ತದೆ. ಬಾರದಿದ್ದರೂ ಹತ್ತು ಮೀಟರ್‌ಗೆ ಮಂಜು ಮಂಜಾಗಿ ಕಾಣುತ್ತದೆ, ದೂರಕ್ಕೆ ಅಂತ ಮಾಡಿದ್ದು ಅದು.

ಲೇತ್ ಮೇಸ್ತ್ರಿ
ಇಷ್ಟೆಲ್ಲ ಯಾಕೆ? ಅಟ್ಟದ ಮೇಲಿನದ್ದು ತನ್ನಿ. ನನ್ನ ಲೇತ್‌ನಲ್ಲಿ ಹೊಸ ನಳಿಗೆ ಕೂರಿಸಿ, ಗಟ್ಟಿ ಸ್ಪ್ರಿಂಗ್ ಹಾಕಿ ಕೊಡುತ್ತೇನೆ. ಮೂರು ಸಾವಿರ. ಬೇಕಾದರೆ ಬುಡದಿಂದಲೇ ಹೊಸದು ಕಟ್ಟೋಣ.

ಕೋರ್ಟ್ ರಸ್ತೆ
ಮೇಸ್ತ್ರಿಗಳೇ, ನಿಮ್ಮ ಕೈಚಳಕ ಗೊತ್ತು. ಆದರೆ ಇದು ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸೋದೇ ಅಪರಾಧ. ಏರ್ ರೈಫಲ್‌ಗೆ ಗಟ್ಟಿ ಸ್ಪ್ರಿಂಗ್ ಹಾಕಿ 20 ಜೂಲ್ ದಾಟಿಸಿದರೆ ವಿನಾಯಿತಿಯೂ ಹೋಯಿತು. ಕಟ್ಟಿದ ನಿಮಗೂ ಕಷ್ಟ, ಇಟ್ಟುಕೊಂಡ ಅವರಿಗೂ ಕಷ್ಟ. ನೀವು ಕಟ್ಟೋದೇ ಆದರೆ ಗುಂಡು ಹಿಡಿಯೋ ಪೆಟ್ಟಿಗೆ ಕಟ್ಟಿಕೊಡಿ.

ಲೇತ್ ಮೇಸ್ತ್ರಿ
ಸರಿ ಸರ್. ಪೆಟ್ಟಿಗೆ ಅಳತೆ ಕಳಿಸಲಿ.

ಮೂಡಿಗೆರೆ ಮಳೆ
ಅಟ್ಟದ ಗನ್ ಆಸೆ ಬಿಡಿ. ಮಲೆನಾಡಿನ ಅಟ್ಟದಲ್ಲಿ ಇಪ್ಪತ್ತು ಮಳೆಗಾಲ ಕಂಡ ಕಬ್ಬಿಣ ಅದು. ನಳಿಗೆ ಒಳಗೆ ಟಾರ್ಚ್ ಬಿಟ್ಟು ನೋಡಿ. ಸುರುಳಿ ಗೆರೆ ಹೊಳೆಯದೆ ಕೆಂಪು ಪುಡಿ ಕಂಡರೆ ಗೋಡೆಗೆ ನೇತುಹಾಕಿ.

ನನ್ನ ಕಥೆ ಕೇಳಿ. ಹೊಸ ರೈಫಲ್ ತಂದ ವರ್ಷ, ಜೂನ್‌ನಲ್ಲಿ ಅದರ ಜೊತೆ ಬಂದ ಸ್ಪಂಜ್ ಪೆಟ್ಟಿಗೆಯಲ್ಲೇ ಇಟ್ಟು ಬೀಗ ಹಾಕಿದೆ. ಜೋಪಾನ ಮಾಡಿದೆ ಅಂತ ಹೆಮ್ಮೆ. ಆಗಸ್ಟ್‌ನಲ್ಲಿ ತೆಗೆದರೆ ಸ್ಪಂಜ್ ಎಲ್ಲೆಲ್ಲಿ ತಾಗಿತ್ತೋ ಅಲ್ಲೆಲ್ಲ ತುಕ್ಕಿನ ಪಟ್ಟೆ, ಹುಲಿ ಹಾಗೆ. ಸ್ಪಂಜ್ ನೀರು ಕುಡಿದು ಕೂತಿರುತ್ತದೆ. ಈಗ ಹೊರಗೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸುತ್ತೇನೆ. ಒಳಗೆ ಒಂದು ಝೀರೋ ಬಲ್ಬ್ ಸದಾ ಉರಿಯುತ್ತಿರುತ್ತದೆ. ಬೆಲ್ಟ್, ಚಪ್ಪಲಿ, ಮದುವೆ ಆಲ್ಬಂ ಎಲ್ಲ ಅದೇ ಬೀರುವಿನಲ್ಲಿ. ಯಾವುದಕ್ಕೂ ಬೂಷ್ಟು ಹಿಡಿದಿಲ್ಲ.

ಎಣ್ಣೆ ಹೊರಗೆ ಮಾತ್ರ, ನೆನಪಿರಲಿ. ಗಾಳಿ ಒತ್ತುವ ಕೋಣೆಗೆ ಹೊಲಿಗೆ ಮಿಷನ್ ಎಣ್ಣೆ ಬಿಡುವವರಿದ್ದಾರೆ. ಒತ್ತಡಕ್ಕೆ ಎಣ್ಣೆ ಹೊತ್ತಿಕೊಂಡು ಢಂ ಅನ್ನುತ್ತದೆ, ಹೊಗೆ ಬರುತ್ತದೆ. ಪವರ್ ಜಾಸ್ತಿ ಆಯಿತು ಅಂತ ಖುಷಿ ಪಡುತ್ತಾರೆ. ಸೀಲ್ ಸುಟ್ಟು ಹೋಗಿರುತ್ತದೆ.

ಕೊಪ್ಪದ ತೋಟ
ನಾನೂ ಒಂದು ಪ್ರಶ್ನೆ ಸೇರಿಸುತ್ತೇನೆ. ಬಾಳೆ, ಏಲಕ್ಕಿ ಯಾವುದನ್ನೂ ಮಂಗ ಬಿಡುತ್ತಿಲ್ಲ. ಇದೇ ಬಜೆಟ್‌ನಲ್ಲಿ ಮಂಗ ಓಡಿಸೋಕೆ ಯಾವುದು ಒಳ್ಳೆಯದು?

ಹತ್ತೂವರೆ
ಯಾವುದೂ ಅಲ್ಲ. ಹೊಡೆದರೆ ಸಾಯೋದಿಲ್ಲ, ಗುಂಡು ಒಳಗೆ ಉಳಿದು ಹುಣ್ಣಾಗಿ ನರಳುತ್ತದೆ. ಮರಿ ಹೊತ್ತ ತಾಯಿ ಆದರೆ ಇನ್ನೂ ಘೋರ.

ಕೋರ್ಟ್ ರಸ್ತೆ
ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮಂಗ, ನವಿಲಿಗೆ ಗಾಯ ಮಾಡಿದರೂ ಬೇಟೆ ಅಂತಲೇ ಲೆಕ್ಕ. ಗನ್‌ಗೆ ಲೈಸೆನ್ಸ್ ಬೇಡ ಅಂದರೆ ಹೊಡೆಯೋಕೆ ಲೈಸೆನ್ಸ್ ಸಿಕ್ಕಿತು ಅಂತಲ್ಲ.

ಬೇಲೂರು ಬಸ್‌ಸ್ಟ್ಯಾಂಡ್
ನಮ್ಮ ಕಡೆ ಬರೋದು ಆನೆ. ಯಾವ ಮಾಡೆಲ್ ಅಂತ ಕೇಳೋ ಧೈರ್ಯವೇ ಇಲ್ಲ.

ಕಣದ ಮೂಲೆ
ಮಂಗ, ಆನೆ ಬಿಟ್ಟು ನನ್ನ ಮಗಳ ಕಡೆ ಬನ್ನಿ. ಹಾಗಾದರೆ 25 ಸಾವಿರಕ್ಕೆ ಯಾವುದು?

ಹತ್ತೂವರೆ
ಹೇಳುತ್ತೇನೆ. ಮೂರು ದಾರಿ ಇವೆ. ಒಂದು ನಿಮ್ಮ ಕೈಗೆ ಎಟುಕುವುದಿಲ್ಲ, ಅದನ್ನು ಮೊದಲು ಮುಗಿಸುತ್ತೇನೆ. ವಾಲ್ಥರ್ ಎಲ್‌ಜಿ400, ಫೈನ್‌ವರ್ಕ್‌ಬೌ 800 ಥರದ ಸ್ಪರ್ಧೆಯ ರೈಫಲ್. ಸಿಲಿಂಡರಿನಲ್ಲಿ ಗಾಳಿ ತುಂಬಿಸಿ ಹೊಡೆಯೋದು, ಒದೆತ ಇಲ್ಲವೇ ಇಲ್ಲ. ಎರಡು ಲಕ್ಷ ದಾಟುತ್ತದೆ.

ಎರಡನೆಯದು ನಮ್ಮ ದೇಶದ್ದೇ ಪಿಸಿಪಿ, ಅಂದರೆ ಅದೂ ಮೊದಲೇ ಗಾಳಿ ತುಂಬಿಸಿಟ್ಟು ಹೊಡೆಯೋದು, ಪ್ರೆಸಿಹೋಲ್ ಅಕಿಲಿಸ್ ಥರದ್ದು. 40 ಸಾವಿರದ ಆಚೀಚೆ ಆಗುತ್ತದೆ, ಅದರ ಮೇಲೆ ಪಂಪ್ ಬೇರೆ. ಸೈಕಲ್ ಪಂಪ್ ಅಂದುಕೊಳ್ಳಬೇಡಿ. 200 ಬಾರ್ ಒತ್ತಡ, ಕೊನೆಕೊನೆಗೆ ಮೈ ಭಾರ ಪೂರ್ತಿ ಹಾಕಬೇಕು. ಮಳೆಗಾಲದಲ್ಲಿ ಗಾಳಿ ಜೊತೆ ತೇವವೂ ಒಳಗೆ ಹೋಗುತ್ತದೆ.

ಮೂರನೆಯದು ನಳಿಗೆ ಮುರಿಯೋ ಸ್ಪ್ರಿಂಗ್ ರೈಫಲ್. 10 ಸಾವಿರದ ಆಸುಪಾಸು. ಮುಂದೆ ಹಿಂದೆ ಗುರಿ ನೋಡುವ ಕಬ್ಬಿಣದ ಸೈಟ್ ಇರುವುದನ್ನೇ ಆರಿಸಿ. ಇದ್ದದ್ದರಲ್ಲಿ ಮೆತ್ತಗಿನ ಸ್ಪ್ರಿಂಗ್ ಕೇಳಿ. ಅಂಗಡಿಯವರು ನಗುತ್ತಾರೆ, ನಗಲಿ.

ಉಳಿದ 15 ಸಾವಿರ ಮುಟ್ಟಬೇಡಿ. ಅದು ಗುಂಡಿಗೆ. ದಿನಕ್ಕೆ 40 ಹೊಡೆದರೆ 500ರ ಡಬ್ಬಿ ಹನ್ನೆರಡು ದಿನಕ್ಕೆ ಖಾಲಿ. ಚಪ್ಪಟೆ ತಲೆಯ ಗುಂಡು ತನ್ನಿ, ಹಾಳೆಯಲ್ಲಿ ಪಂಚಿಂಗ್ ಮಿಷನ್ ಹೊಡೆದ ಹಾಗೆ ದುಂಡಗೆ ತೂತು ಬೀಳುತ್ತದೆ, ಎಣಿಸೋಕೆ ಸುಲಭ. ಮೊದಲು ಎರಡು ಮೂರು ಬ್ರ್ಯಾಂಡ್‌ನ ಒಂದೊಂದೇ ಡಬ್ಬಿ ತಂದು ನೋಡಿ. ಒಂದೊಂದು ನಳಿಗೆಗೆ ಒಂದೊಂದು ಒಗ್ಗುತ್ತದೆ. ಹಾಗೇಕೆ ಅಂತ ಕೇಳಬೇಡಿ, ನನ್ನದು ದುಬಾರಿ ಜರ್ಮನ್ ಗುಂಡು ಉಗುಳಿ ಅಗ್ಗದ್ದನ್ನು ಇಷ್ಟಪಟ್ಟಿತ್ತು.

ಇನ್ನೊಂದು. ಕೊಳ್ಳುವ ಮೊದಲು ಒಂದು ಭಾನುವಾರ ರೈಲು ಹತ್ತಿ ಬೆಂಗಳೂರಿಗೆ ಹೋಗಿ. ಯಾವುದಾದರೂ ಶೂಟಿಂಗ್ ಕ್ಲಬ್ಬಿನಲ್ಲಿ ಗಂಟೆ ಲೆಕ್ಕದಲ್ಲಿ ಅವರದ್ದೇ ರೈಫಲ್ ಕೊಡುತ್ತಾರೆ. ಮಗಳು ಹೊಡೆಯಲಿ. ಅರ್ಧ ಗಂಟೆಗೆ ಬೇಜಾರಾದರೆ ನಿಮ್ಮ 25 ಸಾವಿರ ಉಳಿಯಿತು.

ಅಲ್ಲಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಬಿಟ್ಟು, ಕೈ ಚಾಚಿ, ಕಿಂಡಿಯಲ್ಲಿ ಗೋಡೆ ಗಡಿಯಾರ ನೋಡಲಿ. ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ಮುಚ್ಚಿದಾಗ ಗಡಿಯಾರ ಮಾಯವಾಗುತ್ತದೋ ಅದೇ ಅವಳ ಗುರಿಗಣ್ಣು.

ಕಣದ ಮೂಲೆ
ಈಗಷ್ಟೇ ಮಾಡಿಸಿದೆ. ಬಲಗೈಯಲ್ಲಿ ಬರೆಯುವ ಹುಡುಗಿ, ಆದರೆ ಎಡಗಣ್ಣು ಮುಚ್ಚಿದಾಗ ಗಡಿಯಾರ ಮಾಯ. ಏನು ಮಾಡೋದು?

ಹತ್ತೂವರೆ
ನೋಡಿ, ಅಂಗಡಿಯಲ್ಲಿ ಇದನ್ನು ಯಾರೂ ಕೇಳಿರಲ್ಲ ಅಲ್ವಾ? ಚಿಕ್ಕವಳು, ಈಗಿನಿಂದಲೇ ಎಡ ಭುಜಕ್ಕೆ ಇಟ್ಟು ಕಲಿಯಲಿ. ಬೇಗ ಒಗ್ಗುತ್ತದೆ. ಹಾಗಾಗಿ ಕೆನ್ನೆ ಇಡುವ ಜಾಗ ಎರಡೂ ಕಡೆ ಒಂದೇ ಥರ ಇರುವ ರೈಫಲ್ ಬೇಕು ನಿಮಗೆ. ಬಲಗೈಯವರಿಗೆ ಅಂತಲೇ ಕೆತ್ತಿದ್ದು ಬೇಡ.

ಹಳೇ ಎನ್‌ಸಿಸಿ
ನಾನೂ ಈಗ ಮಾಡಿ ನೋಡಿದೆ. ನನ್ನದೂ ಎಡಗಣ್ಣು. ಮೂವತ್ತು ವರ್ಷ ಬಲಗಣ್ಣಲ್ಲಿ ಹೊಡೆದೆ. ಆ ಮಾರಿದ ರೈಫಲ್ ಯಾರ ಹತ್ತಿರ ಇದೆಯೋ.

ಕಣದ ಮೂಲೆ
ಮೂರು ವಾರ ಆಯಿತು. ಏನಾಯಿತು ಅಂತ ಹೇಳಬೇಕಲ್ಲ.

ಬೆಂಗಳೂರಿಗೆ ಹೋಗಿ ಬಂದೆವು. ಕ್ಲಬ್ಬಿನಲ್ಲಿ ಮಗಳು ಒಂದು ಗಂಟೆ ಹೊಡೆದಳು, ಎಡ ಭುಜದಲ್ಲೇ. ಬೇಜಾರು ಆಗಲಿಲ್ಲ. ಬೇಜಾರಾದದ್ದು ನನಗೆ, ನಾನು ಹೊಡೆದ ಹತ್ತರಲ್ಲಿ ಎರಡು ಹಾಳೆಯನ್ನೇ ಮುಟ್ಟಲಿಲ್ಲ. ಜಾತ್ರೆ ಬಲೂನ್ ಎಷ್ಟು ದೊಡ್ಡದು ಅಂತ ಆಗ ಗೊತ್ತಾಯಿತು.

ಕೊನೆಗೆ 10 ಸಾವಿರ ಚಿಲ್ಲರೆಗೆ ಸ್ಪ್ರಿಂಗ್ ರೈಫಲ್ ತಗೊಂಡೆವು. ಎರಡೂ ಕಡೆ ಒಂದೇ ಥರದ ಬಟ್, ಅಂದರೆ ಭುಜಕ್ಕೆ ಇಡುವ ಹಿಂಭಾಗ. ಅದು ಅವಳಿಗೆ ಉದ್ದವಾಗುತ್ತಿತ್ತು. ಆದರೆ ಕೊಯ್ಯುವ ಮನಸ್ಸು ಬರಲಿಲ್ಲ, ನಿಲ್ಲುವ ರೀತಿ ಸ್ವಲ್ಪ ಓರೆ ಮಾಡಿಕೊಂಡಳು, ಸರಿಹೋಯಿತು. ಕೆನ್ನೆ ಎತ್ತರಕ್ಕೆ ಹಳೇ ಯೋಗ ಮ್ಯಾಟ್ ತುಂಡು ಸುತ್ತಿ ಟೇಪ್ ಹಾಕಿದ್ದೇನೆ.

ಮೇಸ್ತ್ರಿಗಳು ಪೆಟ್ಟಿಗೆ ಕಟ್ಟಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಹಿಂದೆ ಕಬ್ಬಿಣದ ತಗಡು ಓರೆಯಾಗಿದೆ, ಗುಂಡು ಬಡಿದು ಕೆಳಗೆ ಮರಳಿಗೆ ಬೀಳುತ್ತದೆ. ಮುಂದೆ ಗೋಣಿ ಪರದೆ, ಚೂರು ವಾಪಸ್ ಹಾರದ ಹಾಗೆ. ಕಣದ ಮೂಲೆಯಲ್ಲಿ ಟೇಪ್ ಹಿಡಿದು 10 ಮೀಟರ್ ಅಳೆದು, ಹಾಳೆಯ ನಡು ನೆಲದಿಂದ 1.4 ಮೀಟರ್ ಎತ್ತರಕ್ಕೆ ಬರುವ ಹಾಗೆ ನಿಲ್ಲಿಸಿದ್ದೇವೆ. ಹಿಂದೆ ಮಣ್ಣಿನ ದಿಬ್ಬ. ನಾಯಿ ಕಟ್ಟಿಹಾಕಿದ ಮೇಲೆ, ಕೆಲಸದವರು ಆ ಕಡೆ ಇಲ್ಲ ಅಂತ ಕೂಗಿ ಕೇಳಿದ ಮೇಲೆ ಮಾತ್ರ ಹೊಡೆಯೋದು.

ಮೊದಲ ದಿನದ ಹಾಳೆಯಲ್ಲಿ ತೂತು ಎಲ್ಲೆಲ್ಲೋ. ಎರಡನೇ ವಾರ ಕೋಳಿಮರಿ ಹಿಡಿತ ಕೈಗೆ ಬಂತು. ನಿನ್ನೆ ಅವಳ ಐದು ಗುಂಡು ಹತ್ತು ರೂಪಾಯಿ ನಾಣ್ಯದ ಅಡಿ ಮುಚ್ಚಿಹೋದವು. ಹತ್ತರ ಚುಕ್ಕೆಯಿಂದ ಮೂರು ಬೆರಳು ಎಡಕ್ಕೆ, ಆದರೂ ಒಂದೇ ಕಡೆ.

ಹತ್ತೂವರೆ
ಎಡಕ್ಕೆ ಬಿದ್ದದ್ದು ಸೈಟ್ ತಿರುಪಿನ ಕೆಲಸ, ಹಿಂದಿನದ್ದನ್ನು ಬಲಕ್ಕೆ ತಿರುಗಿಸಿ. ಒಂದೇ ಕಡೆ ಬಿದ್ದದ್ದು ಅವಳ ಕೆಲಸ. ಹೊಡೆದಾದ ಮೇಲೆ ಸೋಪು ಹಾಕಿ ಕೈ ತೊಳೆಯುತ್ತಾಳೆ ತಾನೇ? ಗುಂಡು ಸೀಸದ್ದು. ಗುಂಡು ತುಂಬುವಾಗ ಇನ್ನೊಂದು ಕೈ ನಳಿಗೆ ಬಿಡಬಾರದು, ಬಿಟ್ಟು ಅದು ಹಾರಿ ಮುಚ್ಚಿಕೊಂಡರೆ ಬೆರಳು ಉಳಿಯೋದಿಲ್ಲ. ಕಣ್ಣಿಗೆ ಕನ್ನಡಕ, ಇಬ್ಬರಿಗೂ.

ಕಣದ ಮೂಲೆ
ತೊಳೆಯುತ್ತಾಳೆ ಮೇಡಂ. ಕನ್ನಡಕ ನಾನೇ ಮರೆಯೋದು, ಅವಳೇ ತಂದು ಕೊಡುತ್ತಾಳೆ.

ಮೂಡಿಗೆರೆ ಮಳೆ
ಕಣದಲ್ಲಿ ಅಂದಿರಲ್ಲ, ಕಾಫಿ ಕೊಯ್ಲು ಬಂದಾಗ?

ಕಣದ ಮೂಲೆ
ಅದೇ ಈಗ ಮನೆಯಲ್ಲಿ ಜಗಳ. ಡಿಸೆಂಬರ್‌ಗೆ ಹಣ್ಣು ಹರಡಬೇಕು ಅಂತ ನಾನು. ಹತ್ತು ಮೀಟರ್ ಉದ್ದ, ಒಂದು ಮೀಟರ್ ಅಗಲ ಬಿಟ್ಟು ಹರಡಿ ಅಂತ ಅವಳು. ಚಾಕ್‌ಪೀಸ್ ತಗೊಂಡು ಗೆರೆ ಎಳೆದೂ ಆಗಿದೆ.